ಮೂತಿಯಲ್ಲಿ ಕೂತವನ ಒಪ್ಪಿಗೆ

"ಗುರುಗಳೇ, ನನ್ನ ಕೈಕೆಳಗಿನವರು ನಾನು ಹೇಳಿದ್ದಕ್ಕೆಲ್ಲ ಒಪ್ಪುತ್ತಾರೆ. ಹಾಗಾದರೆ ನಾನು ನಡೆಸುತ್ತಿರುವುದು ಸರಿ ಎಂದುಕೊಳ್ಳಬಹುದೆ?" ಎಂದು ಚಹದ ಹೋಟೆಲಿನ ಬೆಂಚಿನ ಮೇಲೆ ಗುರುಗಳ ಪಕ್ಕ ಕೂತ ಶಿಷ್ಯ ಕೇಳಿದ. ಆಶ್ರಮದ ಉಸ್ತುವಾರಿ ಅವನ ಕೈಗೆ ಬಂದು ಎರಡು ತಿಂಗಳಾಗಿತ್ತು.

ಗುರುಗಳು ಹೇಳಿದರು: "ಈ ಕರಾವಳಿಯಲ್ಲಿ ನಾನು ನಡೆಸದ ದೋಣಿಯಿಲ್ಲ. ನಾಲ್ಕಾಳೆತ್ತರದ ಅಲೆಯ ಮೇಲೆ ನಿಂತು ಬೀಡಿ ಹಚ್ಚಿದವನು ನಾನು. ಸುಳ್ಳು, ಬಿಡು. ದೋಣಿಯನ್ನು ದಡಕ್ಕೆ ಕಟ್ಟಿಹಾಕಿದ್ದರೂ ನನಗೆ ವಾಂತಿ ಬರುತ್ತದೆ. ಆದರೆ ದೋಣಿ ಕೊಳ್ಳಲು ಹೋದ ಒಬ್ಬನ ಕತೆ ಗೊತ್ತು. ಅದರಲ್ಲಿ ಅರ್ಧವಾದರೂ ನಿಜವಿರಬೇಕು. ಕೇಳು."

ಒಬ್ಬ ಮೀನುಗಾರನಿದ್ದ. ಆಳಸಮುದ್ರಕ್ಕೆ ಹೋಗಿ ಗಾಳ ಹಾಕಿ ಅಂಜಲ್ ಮೀನು ಹಿಡಿದು ತರುವುದು ಅವನ ಕಸುಬು. ಮೊದಲು ದಡ ಮುಟ್ಟಿದವನ ಮೀನಿಗೆ ಬೆಲೆ, ತಡವಾಗಿ ಬಂದವನದ್ದನ್ನು ಕೇಳುವವರಿಲ್ಲ. ಅದಕ್ಕೆ ಅವನಿಗೊಂದು ದೋಣಿ ಬೇಕಾಯಿತು. ಸಣ್ಣದಿರಬೇಕು, ಹಾರಬೇಕು, ಹೊರಗಿನ ಒರಟು ನೀರನ್ನು ತಡೆಯಬೇಕು.

ಅವನ ಜೊತೆ ಭಾಮೈದನಿದ್ದ. ತಂದೆ ತೀರಿದ ಮೇಲೆ ಅಕ್ಕನ ಮನೆಗೆ ಬಂದವನು, ಮೂವತ್ತು ದಾಟಿದರೂ ಅಲ್ಲೇ ಉಣ್ಣುತ್ತಿದ್ದ. ಯಾರೂ ಅವನಿಗೆ ಒಂದು ಮಾತು ಅಂದವರಲ್ಲ. ಆದರೂ ಎರಡನೆಯ ಸಲ ಅನ್ನ ಕೇಳುವ ಮೊದಲು ಅವನು ಭಾವನ ಮುಖ ನೋಡುತ್ತಿದ್ದ.

ದೋಣಿ ಕಟ್ಟುವ ಮುದುಕನ ಬಳಿ ಎರಡು ದೋಣಿಗಳಿದ್ದವು. ಒಂದರ ತಳ ಕೊಡಲಿಯ ಬಾಯಿಯಂತೆ ಚೂಪು. ನಿಂತ ನೀರಿನಲ್ಲಿ ಹೊಯ್ದಾಡುತ್ತಿತ್ತು, ಓಟದಲ್ಲಿಯೂ ತುಸು ಹಿಂದೆ. ಇನ್ನೊಂದರ ತಳ ಚಪ್ಪಟೆ. ಅದೇ ಎಂಜಿನ್ ಹಾಕಿದರೆ ಅದು ನೀರನ್ನು ಮುಟ್ಟಿಯೂ ಮುಟ್ಟದೆ ಓಡುತ್ತಿತ್ತು. ಮೀನುಗಾರನಿಗೆ ಅದರ ಮೇಲೆ ಮನಸ್ಸಾಯಿತು.

ಅವನೇನು ದಡ್ಡನಲ್ಲ. "ಹೊಳೆಯೊಳಗೆ ಓಡಿಸಿ ತೋರಿಸಬೇಡ ಅಜ್ಜ, ಹೊಳೆಯಲ್ಲಿ ಬಾಗಿಲೂ ತೇಲುತ್ತದೆ" ಎಂದ. ಗಾಳಿ ಎದ್ದು ಕಡಲು ಕೆರಳುವ ದಿನಕ್ಕಾಗಿ ಕಾದ.

ಆ ದಿನ ಬೆಳಿಗ್ಗೆ ಗಂಜಿ ಬಡಿಸುತ್ತ ಅಕ್ಕ ತಮ್ಮನಿಗೆ ಮೆಲ್ಲಗೆ ಹೇಳಿದಳು: "ಭಾವನಿಗೆ ಆ ಚಪ್ಪಟೆಯದ್ದೇ ಬೇಕಾಗಿದೆ ಮಾರಾಯ. ನೀನು ನಡುವೆ ಬಾಯಿ ಹಾಕಬೇಡ."

ಇಬ್ಬರೂ ಹೊಳೆ ಕಡಲು ಸೇರುವ ಅಳಿವೆ ದಾಟಿ ಹೋದರು. ಮೀನುಗಾರ ಹಿಂದೆ ಚುಕ್ಕಾಣಿ ಹಿಡಿದ. ದೋಣಿಯ ಮೂತಿ ಮೇಲೇಳದಂತೆ ಮುಂದೊಬ್ಬನ ಭಾರ ಬೇಕು; ಭಾಮೈದ ಅಲ್ಲಿ ಕೂತ. ಚೂಪು ದೋಣಿ ಅಲೆಯನ್ನು ಸೀಳಿಕೊಂಡು ಹೋಯಿತು, ಇಬ್ಬರನ್ನೂ ತೋಯಿಸಿ ತಂದಿತು. ಚಪ್ಪಟೆ ದೋಣಿ ಅಲೆಯಿಂದ ಅಲೆಗೆ ನೆಗೆಯಿತು. ಹಿಂದೆ ಕೂತವನಿಗೆ ಅದು ಉಯ್ಯಾಲೆ. ಮುಂದೆ ಕೂತವನಿಗೆ ಒಂದೊಂದು ನೆಗೆತವೂ ಮಹಡಿಯಿಂದ ಅಂಗಳಕ್ಕೆ ಬಿದ್ದಂತೆ. ಇಬ್ಬರ ನಡುವಿನ ದೂರ ಹದಿನಾರು ಅಡಿ.

ದಡದಲ್ಲಿ ಮುದುಕನ ಜೊತೆ ನಾಲ್ಕು ಜನ ನೋಡಲು ನೆರೆದಿದ್ದರು. ಅಲ್ಲಿಗೆ ಬಂದು ಮೀನುಗಾರ ಕೇಳಿದ: "ಹೇಗಿತ್ತೋ?"

ಭಾಮೈದ ನಾಲಿಗೆ ಕಚ್ಚಿಕೊಂಡಿದ್ದ. ಬಾಯಲ್ಲಿದ್ದ ರಕ್ತವನ್ನು ನುಂಗಿ, "ಗಾಳಿಯ ಹಾಗೆ ಹೋಗ್ತದೆ ಭಾವ" ಎಂದ.

ಮುದುಕ ಹೇಳಿದ: "ಈಗ ನೀನು ಮುಂದೆ ಕೂತು ಒಂದು ಸುತ್ತು ಹೋಗಿ ಬಾ. ಚುಕ್ಕಾಣಿ ನಾನು ಹಿಡಿಯುತ್ತೇನೆ."

ಮೀನುಗಾರ ನಕ್ಕ. "ಯಜಮಾನನನ್ನು ಮೂತಿಯಲ್ಲಿ ಕೂರಿಸ್ತೀಯಾ ಅಜ್ಜ? ನಾಳೆಯಿಂದ ಕೂರುವವನು ಇವನು. ಇವನನ್ನೇ ಕೇಳು." ಆಮೇಲೆ ಭಾಮೈದನ ಕಡೆ ತಿರುಗಿದ. "ಎಲ್ಲರೆದುರು ಕೇಳ್ತಿದ್ದೇನೆ. ನಿನಗೇನಾದರೂ ತೊಂದರೆಯಾಯ್ತೇನೋ?"

ಕೇಳುವಾಗಲೇ ಅವನ ಕೈ ಚಪ್ಪಟೆ ದೋಣಿಯ ಅಂಚನ್ನು ಸವರುತ್ತಿತ್ತು. ಭಾಮೈದ ಆ ಕೈಯನ್ನು ನೋಡಿದ.

"ಏನಿಲ್ಲ ಭಾವ."

ಮುದುಕ ದೋಣಿಯ ಹಗ್ಗ ಬಿಚ್ಚಿ ಕೊಟ್ಟ.

ಐದು ತಿಂಗಳು ಕಳೆಯಿತು. ಮೂರೇ ತಿಂಗಳು ಎನ್ನುವವರೂ ಇದ್ದಾರೆ. ಕೇಳುವವರಿಗೆ ಐದಾದರೆ ಹೆಚ್ಚು ನೋಯುತ್ತದೆ ಎಂದು ನಾನು ಐದು ಹೇಳುತ್ತೇನೆ. ಅಷ್ಟೂ ದಿನ ಭಾಮೈದ ಕೂರುವಲ್ಲಿ ಗೋಣಿ ಮಡಚಿ ಹಾಕಿಕೊಂಡ. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. "ಏನೋ ಇದು, ಸಿಂಹಾಸನ ಮಾಡ್ಕೊಂಡಿದ್ದೀಯಾ?" ಎಂದು ಭಾವ ತಮಾಷೆ ಮಾಡಿದ. ಇವನೂ ನಕ್ಕ.

ಒಂದು ದಿನ ಒಳ್ಳೆಯ ಮೀನು ಸಿಕ್ಕಿತು. ಹಿಂದಿನಿಂದ ಇನ್ನೊಂದು ದೋಣಿ ಬರುತ್ತಿತ್ತು. ಮೀನುಗಾರ ಎಂಜಿನ್ನಿನ ವೇಗ ಪೂರ್ತಿ ಏರಿಸಿದ. ಒಂದು ಅಲೆಯಿಂದ ಬೀಳುವಾಗ ಭಾಮೈದನ ಬೆನ್ನೊಳಗೆ ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಅವನು ಕೂಗಲಿಲ್ಲ. ಅವರೇ ಮೊದಲು ದಡ ಮುಟ್ಟಿದರು. ಭಾವ ಇಳಿದರೂ ಅವನಿಗೆ ಏಳಲಾಗಲಿಲ್ಲ. ಮತ್ತೆಂದೂ ಏಳಲಿಲ್ಲ.

ಮೀನುಗಾರ ಅತ್ತ. ಅದು ನಾಟಕದ ಅಳುವಲ್ಲ. ನೋಡಲು ಬಂದವರಿಗೆಲ್ಲ ಹೇಳಿದ: "ಎರಡು ಸಲ ಕೇಳಿದ್ದೆ. ಎಲ್ಲರೆದುರೂ ಕೇಳಿದ್ದೆ. ಬೇಡ ಅಂತ ಒಂದು ಮಾತು ಹೇಳಿದ್ದರೆ ಚೂಪು ದೋಣಿಯನ್ನೇ ತರ್ತಿದ್ದೆ."

"ಹೌದಪ್ಪ, ನಿನ್ನದೇನು ತಪ್ಪು?" ಎಂದು ಬಂದವರು ಹಾಸಿಗೆಯ ಕಡೆ ನೋಡುತ್ತಿದ್ದರು. ಹಾಸಿಗೆಯಲ್ಲಿದ್ದವನು ಹೌದೆಂದು ತಲೆಯಾಡಿಸುತ್ತಿದ್ದ. ಆ ಮಾತು ಶುರುವಾದಾಗಲೆಲ್ಲ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ದೋಣಿ ಅದೇ ಉಳಿಯಿತು. ಮೂತಿಯಲ್ಲಿ ಕೂರಲು ಹೊಸಬನೊಬ್ಬ ಬಂದ, ಮೂರು ಮಕ್ಕಳ ತಂದೆ. ಈ ಸಲ ಮೀನುಗಾರ ಬಹಳ ಎಚ್ಚರದಿಂದಿದ್ದ. ಎರಡು ಸಲವಲ್ಲ, ದಿನವೂ ಕೇಳುತ್ತಿದ್ದ.

"ಬೆನ್ನಿಗೇನೂ ಇಲ್ಲ ತಾನೆ?"

"ಏನಿಲ್ಲ ಧಣಿ."

ಕಿಟಕಿಯ ಪಕ್ಕದಲ್ಲಿ ಮಲಗಿದ್ದ ಭಾಮೈದನಿಗೆ ಅಂಗಳದ ಈ ಮಾತು ದಿನವೂ ಕೇಳಿಸುತ್ತಿತ್ತು. ಕೂಗಿ ಹೇಳಲು ಅವನಿಗೆ ಗಂಟಲಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಕತೆ ಮುಗಿಯಿತು. ಶಿಷ್ಯ ಕೈಮುಗಿದು, "ಅರ್ಥವಾಯಿತು ಗುರುಗಳೇ. ನೀವು ಹೇಳಿದ್ದು ಎಲ್ಲವೂ ಸರಿ" ಎಂದ.

ಗುರುಗಳು ಖಾಲಿ ಲೋಟವನ್ನು ಹೋಟೆಲಿನ ಬೆಂಚಿನ ಮೇಲಿಟ್ಟು ಹೇಳಿದರು: "ಹಾಗಾದರೆ ನನ್ನ ಚಹದ ದುಡ್ಡು ನೀನು ಕೊಡು. ಕೊಡುವುದಿಲ್ಲ ಎಂದು ನನ್ನ ಮುಖ ನೋಡಿ ಹೇಳಬಲ್ಲೆಯಾದರೆ ಇಬ್ಬರದ್ದೂ ನಾನೇ ಕೊಡುತ್ತೇನೆ."