ಕಾಲುಚಾಚಿದ ಗುಡ್ಡ

ಕರೇಬಂಡಿಯಲ್ಲಿ ಬಸ್ಸಿಳಿದು ಕಲ್ಲುಗಣಿಯ ಹಳೇ ಗಾಡಿದಾರಿ ಹಿಡಿದರೆ ಎಡಕ್ಕೊಂದು ಬೋಳುಗುಡ್ಡ ಸಿಗುತ್ತದೆ. ನೆತ್ತಿಯ ಮೇಲೆ ಮರವಿಲ್ಲ, ಗುಡಿಯಿಲ್ಲ. ಚಪ್ಪಡಿಗಳನ್ನು ಉದ್ದಕ್ಕೆ ಜೋಡಿಸಿದ ನೀಳ ಗೋರಿಯೊಂದು ಮೊದಲು ಕಣ್ಣಿಗೆ ಬೀಳುತ್ತದೆ. ಇದೇ ಕಾಲುಚಾಚಿದ ಗುಡ್ಡ. ಯಾವನೋ ರಾಕ್ಷಸ ಇಲ್ಲಿ ಬಿದ್ದು ಸತ್ತನೆಂದು ದಾರಿಹೋಕರು ಹೇಳುವುದುಂಟು. ಅದು ಶುದ್ಧ ಸುಳ್ಳು. ಕೇಳಿದರೆ ಊರವರಿಗೆ ಈಗಲೂ ಮೈ ಉರಿಯುತ್ತದೆ.

ಹಿಂದೆ ಒಮ್ಮೆ, ಇಲ್ಲಿಯ ಕಲ್ಲುಕುಟಿಗರು ಕ್ರಿಸ್ತನ ಮತಕ್ಕೆ ಸೇರಿದ ಹೊಸತರಲ್ಲಿ, ದೀನವ್ವನೆಂಬ ವಿಧವೆಗೆ ಗಿದ್ಯೋನನೆಂಬ ಮಗನಿದ್ದನಂತೆ. ಮೀಸೆ ಮೂಡುವ ಮೊದಲೇ ತೊಲೆಗೆ ತಲೆ ತಾಗುವಷ್ಟು ಬೆಳೆದವನು. ಗುಡಿಸಲಲ್ಲಿ ಜಾಗ ಸಾಲದೆ ಮೊಣಕಾಲು ಎದೆಗೆ ಒತ್ತಿಕೊಂಡೇ ಮಲಗುತ್ತಿದ್ದ. ಅವನು ಪ್ರಾಯದಲ್ಲೇ ಜ್ವರದಿಂದ ತೀರಿಕೊಂಡಾಗ ಸಭೆಯ ಹಿರಿಯರು ಪೇಚಿಗೆ ಸಿಕ್ಕರು. ಊರಿಗೆಲ್ಲ ಇದ್ದದ್ದು ಒಂದೇ ಶವದ ಹಲಗೆ. ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಅದರ ಮೇಲೆ ಹೊತ್ತು, ಅದರ ಅಳತೆಗೇ ಗುಂಡಿ ತೋಡುವುದು ಕಟ್ಟಳೆ. ದೇವರೆದುರು ಎಲ್ಲರೂ ಸಮವೆಂದು ತೋರಿಸಲು ಮಾಡಿಕೊಂಡದ್ದು. ಗಿದ್ಯೋನನ ಕಾಲುಗಳು ಹಲಗೆಯಾಚೆ ನೇತಾಡುತ್ತಿದ್ದವು.

ಕಾಲು ಮಡಿಚಿ ಹೂಳೋಣ ಎಂದರು. ದೀನವ್ವ ಒಪ್ಪಲಿಲ್ಲ. ಆಗ ಮಾತು, ಇಷ್ಟುದ್ದದವನು ಮನುಷ್ಯನಿಗೆ ಹುಟ್ಟಿದವನೇ ಎಂಬ ಕಡೆ ಹೊರಳಿತು. ಉಪದೇಶಿ ಲಾಜರಪ್ಪ ವೇದಪುಸ್ತಕ ತೆರೆದು, ದೇವದೂತರು ಭೂಮಿಗಿಳಿದು ಮನುಷ್ಯರ ಹೆಣ್ಣುಗಳನ್ನು ಕೂಡಿದ್ದರಿಂದಲೇ ಮಹಾಶರೀರಿಗಳು ಹುಟ್ಟಿದರು, ಅಂಥವರು ಆದಾಮನ ಶುದ್ಧ ಸಂತಾನವಲ್ಲ ಎಂದ. ಹಿರಿಯ ಅಬ್ನೇರಪ್ಪ ಇದನ್ನು ತಳ್ಳಿಹಾಕಿ, ದೂತರಿಗೆ ಮೈಯೆಲ್ಲಿದೆ, ಅವರು ಆದಾಮನ ಒಳ್ಳೆಯ ಮಗ ಸೇತನ ವಂಶದ ಗಂಡುಮಕ್ಕಳು, ಆ ಹೆಣ್ಣುಗಳು ತಮ್ಮನನ್ನು ಕೊಂದ ಕಾಯಿನನ ವಂಶದವರು ಎಂದ. ಮತ್ತೊಬ್ಬ, ಪ್ರಳಯದಲ್ಲಿ ಓಗನೆಂಬ ದೈತ್ಯ ನೋಹನ ನಾವೆಗೆ ಜೋತುಬಿದ್ದು ಉಳಿದನಂತಲ್ಲ, ಅವನ ಬೀಜವಿರಬಹುದು ಎಂದು ಎಲ್ಲೋ ಕೇಳಿದ್ದನ್ನು ಸೇರಿಸಿದ. ಹೆಣ ಅಂಗಳದಲ್ಲಿತ್ತು, ಬಿಸಿಲು ಏರುತ್ತಿತ್ತು, ಇವರು ಅದರ ಹುಟ್ಟು ಜಾಲಾಡುತ್ತಿದ್ದರು. "ಇವನಪ್ಪ ನೋಡಿದರ ಗೇಣುದ್ದ ಇದ್ದ" ಎಂದು ಯಾರೋ ಹಿಂದಿನಿಂದ ಕಿಸಕ್ಕೆಂದದ್ದು ದೀನವ್ವನ ಕಿವಿಗೆ ಬಿತ್ತು.

ಅವಳು ಸೆರಗು ಬಿಗಿದು ಎದ್ದಳು ಎನ್ನುತ್ತಾರೆ.

"ಉಪದೇಶಿಯಪ್ಪಾ, ಮ್ಯಾಲಿಂದ ಇಳಿದವರು ಅವರು, ಬೇಕಾದಾಕಿನ್ನ ಹಿಡಕೊಂಡವರು ಅವರು. ಬೈಗುಳ ಮಾತ್ರ ಹಡೆದಾಕಿಗೆ, ಹುಟ್ಟಿದ ಕೂಸಿಗೆ. ಇದ್ಯಾವ ನ್ಯಾಯರೀ? ದೇವಾಲಯದ ಬಾಗಿಲ ಮ್ಯಾಲಿನ ಕಲ್ಲು ನಿಮ್ಮ ಕೈಲೆ ಏಳದಾಗ ನನ್ನ ಮಗ ಹೆಗಲ ಕೊಟ್ಟ. ಅವತ್ತು ನೀ ಯಾರಿಗೆ ಹುಟ್ಟೀದಿ ಅಂತ ಯಾರೂ ಕೇಳಲಿಲ್ಲ. ಬದುಕಿದ್ದಾಗ ಮುದುಡಿಕೊಂಡ ಮಲಗ್ಯಾನ, ಮಣ್ಣಾಗೂ ಮುದುಡಬೇಕೇನು?"

"ಹಲಗಿ ಇರೋದ ಅಷ್ಟುದ್ದ, ನಾವೇನು ಮಾಡೋಣವ್ವಾ" ಎಂದ ಅಬ್ನೇರಪ್ಪ.

"ಹಲಗಿ ಉದ್ದ ಮಾಡೂದು ಬಿಟ್ಟು ಹೆಣದ ಕಾಲು ಮುರೀಲಿಕ್ಕೆ ಬಂದೀರಿ."

ಅಷ್ಟು ಹೇಳಿ ಅವಳು ಗಣಿಯ ಕಡೆ ನಡೆದಳು. ಗಿದ್ಯೋನನ ಜೊತೆ ಕಲ್ಲೊಡೆದವರು ಒಬ್ಬರನ್ನೊಬ್ಬರು ನೋಡಿಕೊಂಡು, ಹಾರೆ ಗುದ್ದಲಿ ಎತ್ತಿಕೊಂಡು ಬಂದರು. ಗಣಿಯ ಉದ್ದನೆಯ ಏಣಿಯ ಮೇಲೆ ಅವನನ್ನು ಮಲಗಿಸಿ, ಯಾರ ಅಪ್ಪಣೆಗೂ ಕಾಯದೆ ಈ ಗುಡ್ಡ ಹತ್ತಿದರು. ಗಟ್ಟಿ ನೆಲ, ಹೊತ್ತು ಇಳಿಯುವವರೆಗೂ ಅಗೆದರು. ಪ್ರಾರ್ಥನೆ ಹೇಳಲು ಉಪದೇಶಿ ಬರಲಿಲ್ಲ. ದೀನವ್ವ ತಾನೇ ಗುಂಡಿಗಿಳಿದು ಮಗನ ಎರಡೂ ಮೊಣಕಾಲು ನೀವಿ ನೆಟ್ಟಗೆ ಮಾಡಿ, "ಈಗ ಚಾಚಪ್ಪಾ" ಎಂದಳಂತೆ. ಗುಡ್ಡಕ್ಕೆ ಹೆಸರು ಬಂದದ್ದು ಅಂದಿನಿಂದ.

ಮೇಲೆ ಹತ್ತಿ ಹೋದವರಿಗೆ ಆ ನೀಳ ಗೋರಿಯ ಬಗಲಲ್ಲಿ ಚಿಕ್ಕದೊಂದು ಕಾಣುತ್ತದೆ. ಅದು ದೀನವ್ವನದು. ಅವಳು ಹಾಸಿಗೆ ಹಿಡಿದಾಗ ಹಿರಿಯರು ತಾವಾಗಿಯೇ ಬಂದು, ಕೆಳಗಿನ ಸ್ಮಶಾನದಲ್ಲಿ ಒಳ್ಳೆಯ ಜಾಗ ಕೊಡುತ್ತೇವೆ ಎಂದರಂತೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು ಎನ್ನುತ್ತಾರೆ.