ಗಿರಿಮಲ್ಲ ದೀಪ ದೊಡ್ಡದು ಮಾಡಿದ್ದು

ಏಳು ತಾಲೂಕು ಸುತ್ತಿ ಬರ್ರಿ, ನರಗುಂದದ ಗಿರಿಮಲ್ಲನಂಥ ಪೆದ್ದ ಇನ್ನೊಬ್ಬ ಸಿಕ್ಕರೆ ಈ ಕತೆ ಹೇಳುವವನ ಮೀಸೆ ನಿಮ್ಮ ಪಾಲು! ಬೇರೆ ಊರಿನ ಪೆದ್ದರು ಹೇಳಿದ್ದನ್ನು ಮರೆಯುತ್ತಾರೆ. ಗಿರಿಮಲ್ಲ ಮರೆಯುವವನೇ? ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ಬಿಡದೆ ಮಾಡುವವನು. ಅವನ ಅವ್ವ ನೀಲವ್ವ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ವಿಭೂತಿ ಹಚ್ಚಿಕೊಳ್ಳಲು ಜಾಗ ಉಳಿದಿರಲಿಲ್ಲ!

ಆ ಮನೆಗೆ ಮಗಳು ಶಿವಲೀಲಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಹದಿನೈದು ದಿನ. ಬೀಗಿತಿ ಚೆನ್ನವ್ವ ಗದಗಿನಿಂದ ಹೇಳಿ ಕಳಿಸಿದಳು: "ಬುಧವಾರ ಮಧ್ಯಾಹ್ನ ಬರ್ತೀನಿ. ಬಾಣಂತಿಗೆ ಬಿಸಿಬಿಸಿ ನೀರು ಸುರಿಯೂದು ನನ್ನ ಕಣ್ಣಿಗೆ ಬೀಳಬೇಕು. ಇಲ್ಲಂದ್ರ ತಾಯಿ, ಕೂಸು ಇಬ್ಬರನ್ನೂ ಕರಕೊಂಡು ಹೊಂಟೆ!"

ಬುಧವಾರ ಬೆಳಿಗ್ಗೆ ನೋಡಿದರೆ ಹಿತ್ತಲ ಗೋಡೆಯ ಗ್ಯಾಸ್ ಗೀಜರು ಮುನಿಸಿಕೊಂಡು ಕೂತಿದೆ. ಅದರ ಹೊಟ್ಟೆಯೊಳಗೆ ಒಂದು ಸಣ್ಣ ದೀಪ. ಅದು ನಿಂತರಷ್ಟೇ ದೊಡ್ಡ ಉರಿ, ಉರಿ ಇದ್ದರಷ್ಟೇ ಬಿಸಿನೀರು. ಹಚ್ಚಿದರೆ ಹತ್ತುತ್ತದೆ, ಕೈಬಿಟ್ಟರೆ ಹೋಗುತ್ತದೆ!

ಗಿರಿಮಲ್ಲ ಎದೆ ಸೆಟೆಸಿದ. "ಅವ್ವಾ, ಚಿಂತಿ ಬಿಡು. ಇವತ್ತ ಈ ದೀಪ ನಿಲ್ಲಬೇಕು, ಇಲ್ಲಾ ನಾ ನಿಲ್ಲಬೇಕು!"

"ನೀ ನಿಂತು ಏನ ಮಾಡ್ತಿಯೋ! ಗೀಜರಿನ ಗುಂಡಿ ಒತ್ತಿ ಹಿಡಿ. ನಾ ಹೇಳೂತನಕ ಬಿಡಬ್ಯಾಡ."

ಹಿಡಿದ. ಜೀವ ಹೋದರೂ ಬಿಡೆನೆಂದು ಹಿಡಿದ. ಅಷ್ಟರಲ್ಲಿ ಒಳಗಿಂದ ಕೂಗು: "ಗಿರಿಮಲ್ಲಾ, ಹಾಲಿನಾಂವ ಬಂದಾನ, ಓಡಿ ಬಾ!"

ಹೋಗಲೂಬೇಕು, ಬಿಡಲೂಬಾರದು! ಕಾಲು ಗೋಡೆಗೆ ಕೊಟ್ಟು ಎಳೆದ. ಟಕ್! ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಿ ಬಂದ. "ಬಿಟ್ಟಿಲ್ಲವ್ವಾ!"

"ನಿನ್ನ ಬುದ್ಧಿಗೆ ಬೆಂಕಿ ಬೀಳಲಿ! ಹಿಡಿದರ ಮೂವತ್ತು ಎಣಿಸಬೇಕು, ಆಮ್ಯಾಲೆ ಬಿಡಬೇಕು!"

"ಆತವ್ವಾ. ಮೂವತ್ತು. ಆಮ್ಯಾಲೆ ಬಿಡೂದು."

ಗುಂಡಿ ಸಿಕ್ಕಿಸಿದರು. ಮೂವತ್ತು ಎಣಿಸಿ ಬಿಟ್ಟರೂ ದೀಪ ಪುಸ್! ಬೇರೆ ದಾರಿ ಕಾಣದೆ ನೀಲವ್ವ ಒಲೆಯ ಮೇಲೆ ಒಂದು ಪಾತೇಲಿ ನೀರು ಕಾಸಿದಳು. "ಬಚ್ಚಲಕ್ಕ ಒಯ್ಯೋ, ಹುಷಾರು!"

ಗಿರಿಮಲ್ಲ ಪಾತೇಲಿ ಹಿಡಿದ. ಒಂದು, ಎರಡು, ಮೂರು... ಬಚ್ಚಲ ಹೊಸ್ತಿಲಿಗೆ ಬರುವಾಗ ಇಪ್ಪತ್ತೊಂಬತ್ತು. ಮೂವತ್ತು! ಬಿಟ್ಟ. ಢಬಾರ್! ಬೆಕ್ಕು ಹಾರಿ ಮಾಳಿಗೆ ಏರಿತು.

"ಅಯ್ಯ ಶಿವನ! ಬಿಸಿ ಸಾಮಾನು ಬಿಡ್ತಾರೇನೋ? ಅರಿವಿ ಸುತ್ತಿ ಜ್ವಾಕಿ ಮಾಡ್ತಾರ!"

"ಆತವ್ವಾ. ಅರಿವಿ ಸುತ್ತೂದು."

ಹೋದವನೇ ಮತ್ತೆ ದೀಪ ಹಚ್ಚಿದ. ಗೀಜರು ಮುಟ್ಟಿ ನೋಡಿದ. ಬೆಚ್ಚಗಿದೆ! ಮನೆಯ ದೊಡ್ಡ ಕೌದಿ ತಂದು ಅದಕ್ಕೆ ಮೂರು ಸುತ್ತು ಸುತ್ತಿ, ಸಂದಿಯಲ್ಲಿ ಕೈ ತೂರಿಸಿ ದೀಪ ಮತ್ತೆ ಹಚ್ಚಿ ಗುಂಡಿ ಒತ್ತಿ ಹಿಡಿದ. ಕಮಟು ವಾಸನೆಗೆ ಓಡಿ ಬಂದ ನೀಲವ್ವ ಕೌದಿ ಕಿತ್ತೆಸೆದಳು.

"ಮನಿ ಸುಡ್ತಿದ್ದೆಲ್ಲೋ! ಗಾಳಿಗೆ ದೀಪ ನಿಲ್ಲವಲ್ದು ಅಂದ್ರ ಬಾಗಲಾಗ ಅಡ್ಡ ನಿಲ್ಲು! ಏನೂ ಒಳಗ ಬಿಡಬ್ಯಾಡ!" ಎಂದು ಬೈದು, ರಿಪೇರಿಯ ಹಸನಸಾಬನಿಗೆ ಫೋನ್ ಮಾಡಿದಳು.

ಹಸನಸಾಬ ಬಂದ. ಹಿತ್ತಲ ಬಾಗಿಲಲ್ಲಿ ಗಿರಿಮಲ್ಲ ಎರಡೂ ಕೈ ಚಾಚಿ ನಿಂತಿದ್ದ.

"ಸರಿಯೋ ತಮ್ಮಾ, ನಾ ರಿಪೇರಿಯಾಂವ."

"ಯಾರರೆ ಆಗು! ಬೆನ್ನ ಹಿಂದ ಗಾಳಿ ಕರಕೊಂಡು ಬಂದೀದಿ!"

"ಗಾಳಿ ಏನ ಚಪ್ಪಲೇನೋ, ಹೊರಗ ಬಿಟ್ಟು ಬರಾಕ?"

ನೀಲವ್ವ ಬಂದು ಮಗನನ್ನು ಕಿವಿ ಹಿಡಿದು ಎಳೆದಾಗಲೇ ದಾರಿಯಾದದ್ದು. ಹಸನಸಾಬ ಬಗ್ಗಿ ನೋಡಿ ನಕ್ಕ. "ಅಕ್ಕಾರ, ಗಾಳಿದು ತಪ್ಪಿಲ್ಲ. ದೀಪದ ಬಾಜೂಕ ಈ ಕಡ್ಡಿ ಐತಿ ನೋಡ್ರಿ. ಇದು ಕಾದ್ರ ದೀಪ ಐತಿ ಅಂತ ತಿಳದು ಗ್ಯಾಸ್ ಬಿಡ್ತೈತಿ. ಇದಕ್ಕ ಕರಿ ಹಿಡದೈತಿ, ಬಿಸಿ ತಾಕವಲ್ದು. ಅದಕ್ಕ ಗ್ಯಾಸ್ ಬಂದ್ ಮಾಡ್ತೈತಿ."

ಆ ಕಡ್ಡಿಯ ಕರಿ ತಿಕ್ಕಿ ತೆಗೆದ, ದೀಪ ಹಚ್ಚಿದ, ಗುಂಡಿ ಒತ್ತಿ ಹಿಡಿದು ಬಿಟ್ಟ. ನಿಂತಿತು! ಶೇಂಗಾಬೀಜದಷ್ಟು ನೀಲಿ ದೀಪ, ಅಲ್ಲಾಡದೆ ನಿಂತಿತು!

ಹಸನಸಾಬ ಹೋದ. ಗಿರಿಮಲ್ಲ ಕಣ್ಣು ಮಿಟುಕಿಸದೆ ಕಾವಲು ಕೂತ. "ಅವ್ವಾ, ಆರಿಲ್ಲ! ಅವ್ವಾ, ಇನ್ನೂ ಆರಿಲ್ಲ! ಆರಿದ ಕೂಡಲೆ ಹೇಳ್ತೀನವ್ವಾ!"

"ಬಿಡ್ತು ಅನ್ನೋ! ಬಾಣಂತಿ ಮನ್ಯಾಗ ದೀಪ ಆರೂದು, ಆರಿಸೂದು ಅನಬಾರದು! ಆರಿಸೂದಕ್ಕ 'ದೊಡ್ಡದು ಮಾಡೂದು' ಅಂತಾರ ಹಿರ್ಯಾರು. ಯಾರರೆ ಆ ಕೆಟ್ಟ ಮಾತು ಅಂದ್ರ ಅವರ ಬಾಯಿ ಮುಚ್ಚಸಬೇಕು. ತಿಳೀತಿಲ್ಲೋ?"

"ತಿಳೀತವ್ವಾ."

ಅಷ್ಟರಲ್ಲಿ ಬೀಗಿತಿ ಚೆನ್ನವ್ವ ಬಂದೇ ಬಿಟ್ಟಳು. ಕಾಲಿಗೆ ನೀರು ಕೊಡುವ ಮೊದಲೇ ಸೀದಾ ಬಚ್ಚಲಿಗೆ! ನೀಲವ್ವ ಹಿಗ್ಗಿನಿಂದ ಹಿತ್ತಲಿಗೆ ಕೇಳುವಂತೆ ಕೂಗಿದಳು: "ಗಿರಿಮಲ್ಲಾ! ಉರಿ ದೊಡ್ಡದು ಮಾಡೋ!"

ಗಿರಿಮಲ್ಲ ದೀಪವನ್ನೊಮ್ಮೆ ನೋಡಿದ. ಬೆಳಿಗ್ಗೆಯಿಂದ ಜೀವ ತೇದು ನಿಲ್ಲಿಸಿದ ದೀಪ! ಆದರೆ ಅವ್ವನ ಮಾತು ಮೀರುವುದುಂಟೇ? ಕಣ್ಣು ಮುಚ್ಚಿದ, ಕೆನ್ನೆ ಉಬ್ಬಿಸಿದ, ಫೂ!

"ದೊಡ್ಡದು ಮಾಡಿದೆವ್ವಾ!"

ಚೆನ್ನವ್ವ ನಳದ ಕೆಳಗೆ ಕೈಯಿಟ್ಟಳು. ಬಾವಿನೀರಿನಷ್ಟು ತಣ್ಣಗೆ! "ಶಿವಲೀಲಾ, ಕೂಸಿನ ಅರಿವಿ ಗಂಟು ಕಟ್ಟು. ನಡಿ."

ನೀಲವ್ವ ಹಿತ್ತಲಿಗೆ ಓಡಿದಳು, ಹಿಂದೆಯೇ ಬೀಗಿತಿ. ಗೀಜರಿನೊಳಗೆ ಕತ್ತಲೆ.

"ಎಲೋ ಪಾಪಿ, ದೀಪ ಯಾಕ ಆರಿಸಿ..."

ಗಿರಿಮಲ್ಲ ಹಾರಿ ಬಂದು ಅವ್ವನ ಬಾಯಿ ಗಪ್ಪನೆ ಮುಚ್ಚಿದ. "ಅವ್ವಾ! ಬಾಣಂತಿ ಮನ್ಯಾಗ ಹಂಗ ಅನಬಾರದು!"

ಚೆನ್ನವ್ವ ನಿಂತಲ್ಲೇ ನಿಂತಳು. ಹುಡುಗನ ಮುಖ ನೋಡಿದಳು, ನೀಲವ್ವನ ಮುಚ್ಚಿದ ಬಾಯಿ ನೋಡಿದಳು. "ಖರೇ ಐತಿ! ಹೆತ್ತವ್ವಗೂ ಕೆಟ್ಟ ಮಾತು ಆಡಗೊಡೂದಿಲ್ಲ ಅಂದ್ರ! ಇಷ್ಟು ಶಾಸ್ತ್ರ ನಮ್ಮ ಮನ್ಯಾಗೂ ಇಲ್ಲವ್ವಾ. ಶಿವಲೀಲಾ, ಗಂಟು ಬಿಚ್ಚು. ಐದು ತಿಂಗಳು ಇಲ್ಲೇ ಇರು."

ಎಂದವಳೇ ತಾನೇ ಕಡ್ಡಿ ಗೀರಿ ದೀಪ ಹಚ್ಚಿದಳು. ನಿಂತಿತು. ನೀರು ಕಾಯಿತು. ಬಾಣಂತಿಯ ಜಳಕ ಆಯಿತು, ಕೂಸಿನ ಜಳಕ ಆಯಿತು, ಲೋಬಾನದ ಹೊಗೆಯೂ ಆಯಿತು.

ಗಿರಿಮಲ್ಲ ಮಾತ್ರ ಅವ್ವನ ಬಾಯಿ ಮೇಲಿನ ಕೈ ತೆಗೆದಿರಲಿಲ್ಲ. ತೆಗಿ ಅಂತ ಅವ್ವ ಹೇಳಬೇಕಲ್ಲ!