ಹೆಸರು ಮರೆತ ಕರಡಿ ಅಜ್ಜಿ

"ಅರ್... ರುಕ್... ಅಯ್ಯೋ, ನಾಲಿಗೆಯ ತುದಿಯಲ್ಲೇ ಇದೆ!"

ಉತ್ತರದ ಹಿಮಸೀಮೆಯ ಪೈನ್ ಕಾಡಿನಲ್ಲಿ ಕರಡಿ ಅಜ್ಜಿ ತನ್ನ ಹೆಸರಿಗಾಗಿ ತಡಕಾಡುತ್ತ ನಿಂತಿದ್ದಳು. ಎದುರಿಗೆ ಮರಕುಟಿಗ ಮೇಷ್ಟ್ರು ಕೊಕ್ಕು ಎತ್ತಿಕೊಂಡು ಕಾಯುತ್ತಿದ್ದರು.

ಮಕ್ಕಳೇ, ಆ ಕಾಡಿನಲ್ಲೊಂದು ಪದ್ಧತಿಯಿತ್ತು. ಚಳಿಗಾಲವಿಡೀ ಮಲಗುವ ಪ್ರಾಣಿಗಳು ಮೊದಲು ಮೇಷ್ಟ್ರಿಗೆ ಹೆಸರು ಕೊಡಬೇಕು. ವಸಂತದಲ್ಲಿ ಅವರು ಗುಹೆಯ ಬಾಗಿಲಿಗೆ ಬಂದು, ಆ ಹೆಸರು ಕೂಗಿ ಎಬ್ಬಿಸುವರು. ಕೂಗದಿದ್ದರೆ ಎಚ್ಚರವಿಲ್ಲ. ಹಸಿವಿನಿಂದ ಮಲಗಿದಲ್ಲೇ ಪ್ರಾಣ ಹೋಗುವುದು.

ಅಜ್ಜಿಗೆ ಹೆಸರು ಮರೆತದ್ದು ಜಂಬದಿಂದ. "ನನ್ನ ಹೆಸರೆತ್ತಿದವರ ಹಲ್ಲು ಉದುರಿಸುತ್ತೇನೆ" ಎಂದು ಪ್ರಾಯದಲ್ಲೇ ಸಾರಿದ್ದಳು. ಕತ್ತಲಾದ ಮೇಲೆ ನಾವು ಹಾವನ್ನು ಹುಳ ಎನ್ನುತ್ತೇವಲ್ಲ, ಹಾಗೆ ಎಲ್ಲರೂ ಅವಳನ್ನು 'ಆ ಕಂದು ಬಣ್ಣದವರು' ಎಂದರು. ಸುತ್ತಲಿನ ಮನುಷ್ಯರೂ ಹೆದರಿ ಹಾಗೆಯೇ ಅಂದರು. ಜರ್ಮನರ 'ಬೇರ್', ಸ್ವೀಡನ್ನಿನವರ 'ಬ್ಯೋರ್ನ್' ಎರಡಕ್ಕೂ ಮೂಲದಲ್ಲಿ ಕಂದು ಬಣ್ಣದ್ದು ಎಂದೇ ಅರ್ಥವಂತೆ. ನಿಜವಾದ ಹೆಸರು ಬಲ್ಲವರೆಲ್ಲ, ಅದನ್ನು ಕೂಗಿ ಎಬ್ಬಿಸುತ್ತಿದ್ದ ಹಳೆಯ ಮೇಷ್ಟ್ರೂ ಸೇರಿ, ಒಬ್ಬೊಬ್ಬರಾಗಿ ತೀರಿಕೊಂಡರು; ಯಾರ ಬಾಯಲ್ಲೂ ಕೇಳದೆ ಅಜ್ಜಿಗೂ ಅದು ಮರೆತುಹೋಯಿತು.

"ಕಂದು ಬಣ್ಣದವರು ಅಂತಲೇ ಬರ್ಕೊಳ್ಳಿ ಮೇಷ್ಟ್ರೇ."

"ಹೋದ ವರ್ಷ ಹಾಗೇ ಕೂಗಿದೆ ಅಮ್ಮಾ. ಹೊಳೆಗೆ ಕಟ್ಟೆ ಕಟ್ಟೋ ಬೀವರ್‌ಗಳು ನಲವತ್ತು ಜನ ಎದ್ದು ಬಂದರು. ಅವರೂ ಕಂದೇ ತಾನೆ? 'ಕರೆದ ಮೇಲೆ ತಿಂಡಿ ಎಲ್ಲಿ?' ಅಂತ ನನ್ನ ಮನೆಯಿದ್ದ ಮರದ ಬುಡವನ್ನೇ ಕಡಿದು ತಿಂದರು. ಆ ಮರ ನಿಮ್ಮ ಗುಹೆ ಮೇಲೆ ಬಿದ್ದಿದ್ದಕ್ಕೆ ನೀವು ಎದ್ದಿರಿ. ಅದೂ ಒಂದು ತಿಂಗಳು ತಡವಾಗಿ!"

ಹಿಮ ಬೀಳತೊಡಗಿತು. ಅಜ್ಜಿಗೆ ಆಗಲೇ ಆಕಳಿಕೆ.

ಬಂಡೆಯ ಹಿಂದಿನಿಂದ ಮೊಲ ಇಣುಕಿತು. "ನನ್ನ ಬಣ್ಣ ಬೂದು, ಹೆಸರು ಬೂದ. ನರಿಗೆ ಬಾಲವಿದೆ, ಅವನು ಬಾಲಪ್ಪ. ನಮಗೇನು ಕಡಿಮೆಯಾಗಿದೆ? ನೀವೂ ಕಂದಿ ಅಂತ ಇಟ್ಕೊಳ್ಳಿ."

"ಕಂದಿನಾ? ಕೊಟ್ಟಿಗೆಯ ಹಸುವಿಗಿಡೋ ಹೆಸರು!" ಅಜ್ಜಿ ಪಂಜ ಎತ್ತಿದಳು. ಮೊಲ ಮಾಯ.

"ಹೊಸ ಹೆಸರಾದರೆ ಮೂವರು ಎದುರು ನಿಂತು ಕರೀಬೇಕು, ನೀವು 'ಓ' ಅನ್ನಬೇಕು," ಎಂದರು ಮೇಷ್ಟ್ರು. "ಒಂದು ಹಲ್ಲು ಉದುರಿದರೂ ಹೆಸರು ರದ್ದು."

ಬೇರೆ ದಾರಿಯಿರಲಿಲ್ಲ. ಅಜ್ಜಿ ಒಪ್ಪಿದಳು. ಸುದ್ದಿ ಕೇಳಿ ಮೊಲದ ಜೊತೆ ಮುಳ್ಳಿಲಿ, ನರಿಯೂ ಬಂದು ದೂರದಲ್ಲಿ ನಿಂತವು.

ಮೊಲ ನಡುಗುತ್ತ ಬಂದು, "ಕಂದಿ" ಎಂದಿತು. ಅಜ್ಜಿಯ ಬಲ ಪಂಜ ತಾನಾಗಿ ಮೇಲೆದ್ದಿತು. ಅವಳು ಅದನ್ನು ಎಳೆದು ಅದರ ಮೇಲೆ ಕೂತುಬಿಟ್ಟಳು. "ಓ."

ಮುಳ್ಳಿಲಿಗೆ ಧೈರ್ಯ ಬಂತು. "ಏನೇ ಕಂದಿ, ಊಟ ಆಯ್ತಾ?" ಎಡ ಪಂಜ ಎದ್ದಿತು. ಅದನ್ನೂ ಕುಂಡಿಯಡಿ ಸೇರಿಸಿ ಅಜ್ಜಿ ಹಲ್ಲು ಕಡಿದಳು. "ಓ... ಓ!"

ಮೂರನೆಯವರು ಬರಲಿಲ್ಲ. ನರಿ, "ನನಗೆ ಹಲ್ಲು ಬೇಕಪ್ಪಾ" ಎಂದು ಹೊರಟೇಹೋಯಿತು. ಹಿಮ ಮೊಣಕಾಲಿಗೆ ಬಂತು. ಅಜ್ಜಿಯ ರೆಪ್ಪೆಗಳು ಮುಚ್ಚಿಕೊಳ್ಳತೊಡಗಿದವು. ಹೀಗೇ ನಿದ್ದೆ ಹೋದರೆ ತಾನಿನ್ನು ಏಳುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಆಗ ಪೊದೆಯಿಂದ ಅವಳ ಮೊಮ್ಮಗಳು ಬಂದಳು. ಹುಟ್ಟಿದಾಗಿನಿಂದ ಅಜ್ಜಿಯನ್ನು ದೂರದಿಂದಲೇ ನೋಡಿದ್ದ ಮರಿ. ಹತ್ತಿರ ಬಂದು, ಮೂಗಿಗೆ ಮೂಗು ತಾಗಿಸಿ, "ಕಂದಜ್ಜೀ" ಎಂದಳು.

ಪಂಜ ಏಳಲೇ ಇಲ್ಲ. ಇಷ್ಟು ಹತ್ತಿರ ನಿಂತು ಅಜ್ಜಿಯನ್ನು ಯಾರೂ ಕರೆದಿರಲಿಲ್ಲ.

"ಓ" ಎಂದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಕರಿ."

"ಮೂರಾಯ್ತಲ್ಲಮ್ಮ!" ಎಂದರು ಮೇಷ್ಟ್ರು.

"ನೀವು ಸುಮ್ನಿರಿ ಮೇಷ್ಟ್ರೇ. ಪುಟ್ಟೀ, ಇನ್ನೊಂದ್ಸಲ ಕರಿ. ಕರೆದು, ಗುಹೆ ಮುಂದಿನ ಮರದ ಮೇಲೆ ನಿನ್ನ ಉಗುರಿಂದ ಆ ಹೆಸರು ಬರಿ. ದೊಡ್ಡದಾಗಿ ಬರಿ, ದಾರಿಯಲ್ಲಿ ಹೋಗೋರೆಲ್ಲ ಓದಿ ಕೂಗಲಿ!"

ನೀತಿ: ಹೆಸರೆತ್ತಲೂ ಜನ ಹೆದರುವಂತೆ ಬಾಳಿದರೆ, ಕಷ್ಟ ಬಂದಾಗ ನಮ್ಮನ್ನು ಕೂಗಿ ಎಬ್ಬಿಸುವವರು ಇರುವುದಿಲ್ಲ.